ಹೆಬ್ಬೆರಳಿನ ಪರೀಕ್ಷೆ

ನಮ್ಮ ಮೇಡಂ ಬಲಗೈ ಹೆಬ್ಬೆರಳು ಅಗಲ, ಉಗುರು ಚಪ್ಪಟೆ. ಸುಮ್ಮನಿರುವುದು ಆ ಬೆರಳಿಗೆ ಗೊತ್ತೇ ಇರಲಿಲ್ಲ. ಕ್ಯಾಂಟೀನಿನಲ್ಲಿ ಇಡ್ಲಿ ಬಂದರೆ ಮೊದಲು ಒತ್ತಿ, ಅದು ಮೇಲೆದ್ದು ಬರುವುದನ್ನು ನೋಡಿ, ಆಮೇಲೆ ತಿನ್ನುವುದು. ಬಸ್ಸಿನ ಸೀಟು, ಟೊಮೆಟೊ, ಹೊಸ ಚಪ್ಪಲಿ, ಕೊನೆಗೆ ನನ್ನ ಮದುವೆಯ ಹೋಳಿಗೆ ಕೂಡ ತಪ್ಪಿಸಿಕೊಳ್ಳಲಿಲ್ಲ. "ಒತ್ತೋದು ದೊಡ್ಡದಲ್ಲ ತಂಗಿ. ಬಿಟ್ಟ ಮ್ಯಾಲೆ ಹೆಂಗೆ ವಾಪಸ್ ಬರ್ತತಿ, ಅದನ್ನ ನೋಡ್ಬೇಕು" ಎನ್ನುತ್ತಿದ್ದರು. ದಾವಣಗೆರೆಯವರು. ಎಷ್ಟು ವರ್ಷ ಬೆಂಗಳೂರಿನಲ್ಲಿದ್ದರೂ ತಮ್ಮ ಮಾತನ್ನು ಬಿಟ್ಟುಕೊಟ್ಟವರಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಪೀಣ್ಯದ ಒಂದು ಕೆಮಿಕಲ್ ಫ್ಯಾಕ್ಟರಿಯಲ್ಲಿ ನಾವು ಜೆಲ್ ತಯಾರಿಸುತ್ತಿದ್ದೆವು. ಬಟ್ಟೆಗೆ ಪ್ರಿಂಟ್ ಹಾಕುವಾಗ ಬಣ್ಣ ಹರಡದಂತೆ ಮಂದ ಮಾಡುವ ಜೆಲ್. ಕಣ್ಣಿಗೆ ಕಾಣದಷ್ಟು ಸಣ್ಣ, ಮೆತ್ತನೆಯ ಉಂಡೆಗಳು. ಒಂದೊಂದರೊಳಗೂ ಉದ್ದುದ್ದ ಪಾಲಿಮರ್ ಎಳೆಗಳು, ಅಲ್ಲಲ್ಲಿ ಎಳೆಗೂ ಎಳೆಗೂ ಬಿದ್ದ ಗಂಟು. ಒಳಗೆ ಹೇಗಿದೆಯೆಂದು ನೋಡುವ ಉಪಕರಣ ನಮ್ಮಲ್ಲಿರಲಿಲ್ಲ. ಅದಕ್ಕೇ ಮೇಡಂ ಕಾಡಿ ಬೇಡಿ ಒಂದು ಕಂಪ್ಯೂಟರ್ ತರಿಸಿ, ಅದರೊಳಗೇ ಉಂಡೆ ಕಟ್ಟಲು ಹೊರಟಿದ್ದರು. ಆಗಷ್ಟೇ ಎಂಎಸ್ಸಿ ಮುಗಿಸಿ ಚಿಕ್ಕಬಾಣಾವರದಿಂದ ಬರುತ್ತಿದ್ದ ನಾನು ಅವರ ಒಬ್ಬಳೇ ಸಹಾಯಕಿ.

ಕಂಪ್ಯೂಟರಿನಲ್ಲಿ ಎಳೆಯೆಂದರೆ ಮಣಿಗಳ ಸಾಲು, ಮಣಿಗೂ ಮಣಿಗೂ ನಡುವೆ ಒಂದು ಸ್ಪ್ರಿಂಗು. ಎಲ್ಲವನ್ನೂ ಚೂರುಚೂರೇ ಅಲುಗಾಡಿಸುತ್ತ, ಕೊನೆಗೆ ಎಲ್ಲಿ ನಿಲ್ಲುತ್ತವೆಂದು ಲೆಕ್ಕ ಹಾಕುವುದು. ಒಂದು ಉಂಡೆಗೆ ದಿನಗಟ್ಟಲೆ ಹಿಡಿಯುತ್ತಿತ್ತು. ನಡುವೆ ಕರೆಂಟ್ ಹೋಯಿತೋ, ಮುಗಿಯಿತು ಕಥೆ, ಮತ್ತೆ ಮೊದಲಿನಿಂದ. ಪೀಣ್ಯದ ಕರೆಂಟಿನ ಬಗ್ಗೆ ನಾನು ಬೇರೆ ಹೇಳಬೇಕೇ! ನಾನು ಹಿಡಿಶಾಪ ಹಾಕುತ್ತಿದ್ದರೆ ಮೇಡಂ ಕಡಲೆಕಾಯಿ ಬಿಡಿಸುತ್ತ, "ಇರ್ಲಿ ಬಿಡು, ಅದಕ್ಕೂ ದಣಿವಾಗಿರ್ತತಿ" ಎನ್ನುವರು.

ಗಂಟುಗಳನ್ನು ಎಲ್ಲ ಕಡೆ ಸಮನಾಗಿ ಹಾಕಿದ್ದರೆ ಚೆಂಡಿನಂಥ ಉಂಡೆ ಬರುತ್ತಿತ್ತು. ಮೇಡಂ ಒಪ್ಪಲಿಲ್ಲ. ಗಂಟು ಹಾಕುವ ಕೆಮಿಕಲ್ ಬಲು ಅವಸರದ್ದು, ಉಂಡೆ ನಡುವಿನಿಂದ ಹೊರಕ್ಕೆ ಬೆಳೆದು ಮುಗಿಯುವ ಮೊದಲೇ ಖರ್ಚಾಗಿಬಿಡುತ್ತದೆ. ಹಾಗಾಗಿ ನಡುವೆ ಬಿಗಿ, ಹೊರಗೆ ಸಡಿಲ. ಪಾತ್ರೆಯಲ್ಲಿ ಆಗುವುದೇ ಕಂಪ್ಯೂಟರಿನಲ್ಲೂ ಆಗಬೇಕು ಎಂದು ಹಟ ಹಿಡಿದರು. ಕೊನೆಗೆ ಬಂದ ಉಂಡೆಯನ್ನು ನೋಡಬೇಕಿತ್ತು! ಸುತ್ತಲೂ ಎಳೆಗಳು ಕೆದರಿಕೊಂಡು, ಆಗ ತಾನೇ ನಿದ್ದೆಯಿಂದೆದ್ದ ಮಗುವಿನ ತಲೆಯ ಹಾಗಿತ್ತು.

ಅದೇ ಸಮಯಕ್ಕೆ ನಮ್ಮ ದೊಡ್ಡ ಗಿರಾಕಿ, ಬೊಮ್ಮನಹಳ್ಳಿಯ ಪ್ರಿಂಟಿಂಗ್ ಯೂನಿಟ್ಟಿನ ಮಾಲೀಕರು, ಗಲಾಟೆ ತೆಗೆದಿದ್ದರು. ಡ್ರಮ್ಮಿನಲ್ಲಿ ನಮ್ಮ ಜೆಲ್ ಮುದ್ದೆಮುದ್ದೆಯಾಗಿ ಅವರ ಬಟ್ಟೆಯೆಲ್ಲ ಕೆಡುತ್ತಿತ್ತು. ಮಾರನೆಯ ದಿನ ಅವರು ಖುದ್ದಾಗಿ ಬರುವವರಿದ್ದರು. ನಮ್ಮ ಮ್ಯಾನೇಜರ್ ಪರದೆಯ ಮೇಲಿನ ಉಂಡೆ ನೋಡಿ ಹೌಹಾರಿದರು.

"ಏನ್ ಮೇಡಂ ಇದು, ಬೂಷ್ಟು ಹಿಡ್ದಂಗಿದೆ! ಇದನ್ನ ತೋರ್ಸಿದ್ರೆ ನಮ್ ಮಾಲೇ ಸರಿಯಿಲ್ಲ ಅಂತಾರೆ. ಆ ಎಳೆಗಳನ್ನೆಲ್ಲ ಅಳ್ಸಿ, ನೀಟಾಗಿ ರೌಂಡ್ ಮಾಡ್ಬಿಡಿ. ನಾಳೆ ಇವ್ರು ಕೈತಪ್ಪಿದ್ರೆ ಕಂಪ್ಯೂಟರ್ ಅಕೌಂಟ್ಸ್‌ಗೆ ಹೋಗುತ್ತೆ, ಈ ಹುಡುಗಿ ಮನೆಗೆ ಹೋಗ್ತಾಳೆ, ಅಷ್ಟೇ."

ಮ್ಯಾನೇಜರ್ ಆಚೆ ಹೋದ ಮೇಲೆ ನಾನು, "ಅಳ್ಸೋದು ಸುಲಭ ಮೇಡಂ, ಅಳ್ಸ್‌ಬಿಡ್ಲಾ?" ಎಂದೆ.

"ಅಳಿಸಿದ್ರೆ ಅದು ನಮ್ಮ ಉಂಡಿ ಅಲ್ಲ, ಯಾರ್ದೋ ಉಂಡಿ. ನಾಳೆ ಬರ್ತಾ ಒಂದೀಟು ಕಾಮಕಸ್ತೂರಿ ಬೀಜ ತಗಂಬಾ."

ಬಿಸಿಲಲ್ಲಿ ಬಂದವರಿಗೆ ಮೊದಲು ಪಾನಕ, ಆಮೇಲೆ ಮಾತು. ಇದು ಮೇಡಂ ಮನೆಯ ಪದ್ಧತಿ. ಮಾಲೀಕರು ಬಂದವರೇ, "ನಿಮ್ ಜೆಲ್ ನೀವೇ ಇಟ್ಕೊಳ್ರೀ!" ಎಂದು ಗುಡುಗಿದಾಗಲೂ ಮೇಡಂ ಪದ್ಧತಿ ಬಿಡಲಿಲ್ಲ. ಗಾಜಿನ ಲೋಟ ಮುಂದಿಟ್ಟು, "ಕುಡೀರಿ ಸಾರ್. ಅದಕ್ಕಿಂತ ಮುಂಚೆ ಒಂದ್ಸಲ ಕಿಟಕಿ ಕಡೆ ಹಿಡಿದು ನೋಡ್ರಿ" ಎಂದರು.

ಲೋಟದಲ್ಲಿ ಕಾಮಕಸ್ತೂರಿ ಬೀಜಗಳು ನೆನೆದು ಊದಿದ್ದವು. ನಡುವೆ ಕಪ್ಪಗೆ ಗಟ್ಟಿ, ಸುತ್ತ ತೆಳ್ಳನೆಯ ಬಿಳಿ ಲೋಳೆ. ಲೋಳೆಗೆ ಲೋಳೆ ಹತ್ತಿಕೊಂಡು ಗುಂಪುಗುಂಪಾಗಿ ತೇಲುತ್ತಿದ್ದವು. ಮಾಲೀಕರು ಲೋಟ ನೋಡಿದರು, ಪರದೆ ನೋಡಿದರು, ಮತ್ತೆ ಲೋಟ ನೋಡಿದರು.

"ಅಂದ್ರೆ... ಡ್ರಮ್ಮಲ್ಲೂ ಹಿಂಗೇ ಅಂಟ್ಕೊತಿದೆ ಅನ್ನಿ. ಈ ಹೊರಗಡೆ ಎಳೆಗಳಿಂದ."

"ಹೌದು ಸಾರ್. ತಪ್ಪು ನಮ್ದೇ. ಗಂಟು ಹಾಕೋ ಕೆಮಿಕಲ್ ಒಂದೇ ಸಲ ಸುರೀತೀವಿ. ಕೊನೀತನ ಸ್ವಲ್ಪಸ್ವಲ್ಪನೇ ಬಿಟ್ರೆ ಹೊರಗಿನ ಎಳೆಗೂ ಗಂಟು ಬೀಳ್ತತಿ. ಒಂದೀಟು ಟೈಮ್ ಕೊಡ್ರಿ."

ಗಿರಾಕಿಯ ಎದುರಿಗೇ 'ತಪ್ಪು ನಮ್ದೇ' ಎಂದದ್ದು ಕೇಳಿ, ಪಕ್ಕದಲ್ಲೇ ಕುಡಿಯುತ್ತಿದ್ದ ಮ್ಯಾನೇಜರ್‌ಗೆ ಪಾನಕ ನೆತ್ತಿಗೇರಿತು. ಕೆಮ್ಮು ನಿಲ್ಲಲೇ ಇಲ್ಲ. ಮಾಲೀಕರು ನಿಧಾನವಾಗಿ ಲೋಟ ಖಾಲಿ ಮಾಡಿ, "ಇಷ್ಟ್ ದಿನ ಎಲ್ರೂ ನಮ್ ಡ್ರಮ್ ಸರಿಯಿಲ್ಲ ಅಂತಿದ್ರು ಕಣ್ರೀ" ಎಂದರು. "ಟೈಮ್ ಕೊಟ್ಟೆ. ಇನ್ನೊಂದ್ ಲೋಟ ಕೊಡಿ."

ಮುಂದಿನ ಸಲ ಮಾಡಿದ ಜೆಲ್ ಡ್ರಮ್ಮಿನಲ್ಲಿ ನುಣ್ಣಗೆ ನಿಂತಿತು. ಕಂಪ್ಯೂಟರ್ ಉಳಿಯಿತು, ನಾನೂ ಉಳಿದೆ. ಇವತ್ತಿಗೂ ಅದೇ ನನ್ನ ಕಸುಬು. ಈಗಿನ ಯಂತ್ರಗಳು ಅಂಥ ಉಂಡೆಯನ್ನು ಟೀ ಕುಡಿಯುವಷ್ಟರಲ್ಲಿ ಕಟ್ಟಿಬಿಡುತ್ತವೆ. ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂರುವವರು ಮಾತ್ರ ಇಲ್ಲ ನೋಡಿ.

ಕೊನೆಯ ಸಲ ಅವರನ್ನು ಕಂಡದ್ದು ಆಸ್ಪತ್ರೆಯಲ್ಲಿ, ಅವರು ತೀರಿಕೊಳ್ಳುವುದಕ್ಕೆ ಕೆಲವೇ ದಿನ ಮೊದಲು. ಕಿಡ್ನಿ ಕೈಕೊಟ್ಟಿತ್ತು, ಕಾಲುಗಳಲ್ಲಿ ನೀರು ತುಂಬಿಕೊಂಡಿತ್ತು. ನಾನು ಒಳಗೆ ಹೋದಾಗ ಕಷ್ಟಪಟ್ಟು ಬಗ್ಗಿ, ತಮ್ಮ ಪಾದವನ್ನೇ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

"ನೋಡಿದ್ಯಾ ತಂಗಿ, ವಾಪಸ್ ಬರ್ತಿಲ್ಲ" ಎಂದರು, ಲ್ಯಾಬಿನಲ್ಲಿ ಮಾತಾಡುವ ಅದೇ ದನಿಯಲ್ಲಿ.

ನನಗೆ ತಡೆಯಲಾಗಲಿಲ್ಲ, ಅಲ್ಲೇ ಮಂಚದ ಅಂಚಿನಲ್ಲಿ ಕೂತು ಅತ್ತುಬಿಟ್ಟೆ. ಮೇಡಂ ನನ್ನ ಕೈ ಎಳೆದುಕೊಂಡು, ಮುಂಗೈ ಮೇಲೆ ಹೆಬ್ಬೆರಳಿಟ್ಟು ಬಲವಾಗಿ ಒತ್ತಿ, ಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿದರು.

"ನಿಂದು ಬಂತು" ಎಂದರು. "ಸಾಕು."