ಭೇಲೂಪುರದ ದುಭಾಷಿ

ಹೊಟ್ಟೆ ಕೆಟ್ಟು ಭೇಲೂಪುರದ ಕ್ಲಿನಿಕ್ಕಿನಲ್ಲಿ ಕೂತಿದ್ದೆ. ನನಗಿಂತ ಮುಂದಿದ್ದ ಅಜ್ಜಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಇಲ್ಲೇ ಬೆಳೆದ ಮೊಮ್ಮಗಳೇ ದುಭಾಷಿ. ಡಾಕ್ಟರು ಅಜ್ಜಿಯ ಮೊಣಕಾಲು ಒತ್ತಿ ನೋಡಿ, ಇನ್ನು ಘಾಟಿನ ಮೆಟ್ಟಿಲು ಇಳಿಯಲೇಬಾರದು, ಗಂಗಾಸ್ನಾನ ಬಂದ್ ಎಂದು ಹಿಂದಿಯಲ್ಲಿ ಗದರಿದರು.

"ಅಜ್ಜೀ, ಒಬ್ಬಳೇ ಇಳೀಬಾರದಂತೆ. ದಿನಾ ನಾನು ಕೈ ಹಿಡ್ಕೊಂಡು ಇಳಿಸ್ಬೇಕಂತೆ," ಎಂದಳು ಹುಡುಗಿ.

"ಎಷ್ಟು ಒಳ್ಳೇ ಡಾಕ್ಟ್ರು!" ಅಜ್ಜಿ ಕೈಮುಗಿದರು.

ನನಗೆ ನಗು ತಡೆಯಲಾಗಲಿಲ್ಲ. ಹುಡುಗಿ ಬೆಚ್ಚಿ ನನ್ನತ್ತ ನೋಡಿದಳು. ಅಜ್ಜಿಯೂ ತಿರುಗಿ, ಆಸೆಯಿಂದ ಕೇಳಿದರು: "ನಿಮಗೆ ಕನ್ನಡ ಬರತ್ತೇನಮ್ಮಾ? ಡಾಕ್ಟ್ರು ಇನ್ನೇನಾದ್ರೂ ಅಂದ್ರಾ?"

ಊರು ಬಿಟ್ಟಾಗಿನಿಂದ ಕನ್ನಡ ಮಾತಾಡದೆ ನನಗೂ ನಾಲಿಗೆ ಒಣಗಿತ್ತು. ಹುಡುಗಿಯ ಮುಖ ನೋಡಿದೆ.

"ಕ್ಯಾ ಬೋಲೀಂ, ಮಾತಾಜೀ?" ಎಂದೆ ಹಿಂದಿಯಲ್ಲಿ, ಅವರ ಮಾತು ಅರ್ಥವೇ ಆಗದವಳಂತೆ.