ಗುಟುಕು ಇಳಿಯುವವರೆಗೆ

ಬಸವಕಲ್ಯಾಣದಲ್ಲಿ ನಾನು ನಳ, ಪೈಪು, ಮೋಟಾರು ಕೂಡಿಸುವವನು. ಏಳನೇ ಇಯತ್ತೆಗೇ ಶಾಲೆ ಬಿಟ್ಟೆ. ಆದರೂ ನಾನು ಕೂಡಿಸಿದ ಪೈಪು ಸೋರಿತೆಂದು ಈವರೆಗೆ ಯಾರೂ ನನ್ನ ಬಾಗಿಲಿಗೆ ಬಂದಿಲ್ಲ. ನೀರಿನ ವಿಷಯದಲ್ಲಿ ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದೇ ತಿಳಿದಿದ್ದೆ.

ಹೆಂಡತಿಗೆ ಏಳು ತಿಂಗಳು ತುಂಬಿದಾಗಲೇ ಹೊಟ್ಟೆ ದಿನ ತುಂಬಿದವಳ ಹೊಟ್ಟೆಯಂತೆ ಕಾಣುತ್ತಿತ್ತು. ಸೀಮಂತಕ್ಕೆ ಕುಬಸ ಮಾಡಿದ ದಿನ ಬಳೆ ಇಡಿಸಲು ಬಂದ ಮುದುಕಿ, "ಅವಳಿ-ಜವಳಿ ಅದಾವ, ಎರಡು ತೊಟ್ಟಿಲ ತಯಾರ ಇಡ್ರಿ" ಎಂದು ಎಲ್ಲರನ್ನೂ ನಗಿಸಿದಳು. ಹುಮನಾಬಾದಿನ ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿಸಿದರೆ ಕೂಸು ಒಂದೇ. ಅದರ ಸುತ್ತಲಿನ ನೀರು ಬಹಳ ಹೆಚ್ಚಾಗಿದೆ, ವಾರ ಬಿಟ್ಟು ಬನ್ನಿ ಎಂದರು ಡಾಕ್ಟರಮ್ಮ.

ಮುಂದಿನದನ್ನು ಕೇಳುವ ತಾಳ್ಮೆ ನನಗಿರಲಿಲ್ಲ. ಟಾಕಿ ತುಂಬಿ ಚೆಲ್ಲಿದರೆ ಒಳಗೆ ಬರುವ ನೀರಿನ ವಾಲ್ವ್ ಮುಚ್ಚುತ್ತೇವೆ. ಹಾಗೆಯೇ ಹೆಂಡತಿಗೆ ದಿನಕ್ಕೆ ಮೂರೇ ಲೋಟ ನೀರೆಂದು ಗೊತ್ತು ಮಾಡಿದೆ. ಬಿರುಬೇಸಿಗೆ.

"ಬಾಯಿ ಒಣಗಾಕತ್ತದ್ರಿ, ಒಂದ್ ಗುಟುಕ ಕೊಡ್ರಿ."

"ತಡಿ, ಕೂಸಿನ ಸಲುವಾಗೇ ಅಲ್ಲೇನು?"

ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತಿದ್ದವಳು ಕುಳಿತಲ್ಲೇ ವಾಲಿದಳು. ಮತ್ತೆ ಹುಮನಾಬಾದಿಗೆ ಓಡಿದೆವು.

ಸಲೈನ್ ಹಚ್ಚಿಸಿ ಡಾಕ್ಟರಮ್ಮ ನನ್ನನ್ನು ಕರೆದರು.

"ನೀರ ಕುಡಿಬ್ಯಾಡ ಅಂತ ಯಾರ ಹೇಳಿದ್ರು?"

"ನಾನೇರಿ."

"ಏನ್ ಕೆಲಸ ಮಾಡ್ತೀರಿ?"

"ನಳದ ಕೆಲಸರಿ."

"ಹಂಗಾದ್ರ ನೀರ ಹೊರಗ ಹೋಗೋ ದಾರಿ ಯಾಕ ನೋಡಲಿಲ್ರಿ?"

ಹೊಟ್ಟೆಯೊಳಗೆ ಕೂಸು ಆ ನೀರನ್ನು ನುಂಗುತ್ತದೆ, ಉಚ್ಚೆಯಾಗಿ ಮತ್ತೆ ಬಿಡುತ್ತದೆ. ತಾಯಿಯ ಬಾಯಿ ಕಟ್ಟಿದರೆ ಅದು ಇಳಿಯುವುದಿಲ್ಲ ಎಂದು ತಿಳಿಸಿ ಹೇಳಿದರು. ಎಷ್ಟೋ ಸಲ ಕಾರಣವೇ ಸಿಗದು. ಕೆಲವೊಮ್ಮೆ ಕೂಸಿನ ಅನ್ನನಾಳ ಮುಚ್ಚಿರುತ್ತದೆ, ನುಂಗಲು ಆಗುವುದಿಲ್ಲ. ಹೆರಿಗೆಗೆ ಕೊಹಿನೂರ ಊರಿನ ತವರಿಗೆ ಕಳಿಸದೆ ಇಲ್ಲಿಗೇ ಕರೆತನ್ನಿ ಎಂದರು.

"ಹುಟ್ಟಿದ ಮ್ಯಾಲ ನಳಿಗಿ ಹಾಕಿ ನೋಡ್ತೇವಿ. ಅಲ್ಲೀತನಕ ಕೂಸಿನ ಬಾಯಾಗ ಒಂದ್ ಹನಿ ಸೈತ ಇಡಬ್ಯಾಡ್ರಿ. ಉಸಿರಿನ ದಾರಿಗೆ ಹೋದ್ರ ಕಷ್ಟ."

ದಿನ ತುಂಬಲು ಮೂರು ವಾರ ಇರುವಾಗಲೇ ಅದೇ ದವಾಖಾನೆಯಲ್ಲಿ ಮಗಳು ಹುಟ್ಟಿದಳು. ನಮ್ಮ ಮನೆತನದಲ್ಲಿ ಹಿರಿಯರು ಬಂಗಾರದ ಉಂಗುರ ಅದ್ದಿ ಜೇನು ನೆಕ್ಕಿಸಿದ ಮೇಲೆಯೇ ಕೂಸಿಗೆ ಹಾಲು. ಅವ್ವ ಸೆರಗಿನ ಗಂಟು ಬಿಚ್ಚಿ ಶೀಶೆ ತೆಗೆದಳು, ಉಂಗುರ ಅದ್ದಿದಳು. ನಾನು ಅವಳ ಕೈ ಹಿಡಿದೆ.

"ನಿನಗೂ ಇದೇ ನೆಕ್ಕಿಸೀನಿ. ಸತ್ತೇನು?"

"ಅವ್ವಾ, ನನ್ನ ಮಾತ ಕೇಳಬ್ಯಾಡ. ನನ್ನ ಮಾತ ಕೇಳಿ ಒಬ್ಬಾಕಿ ಬಿದ್ದಾಳ. ಡಾಕ್ಟರಮ್ಮನ ಮಾತ ಕೇಳು."

ಅವ್ವ ಮುಖ ತಿರುಗಿಸಿದಳು. ಉಂಗುರದ ಜೇನನ್ನು ತಾನೇ ನೆಕ್ಕಿಕೊಂಡಳು.

ನರ್ಸ್ ದಾರದಷ್ಟು ತೆಳ್ಳನೆಯ ನಳಿಗೆಯನ್ನು ಮಗಳ ಬಾಯೊಳಗೆ ಇಳಿಸತೊಡಗಿದರು. ಎಷ್ಟೋ ಪೈಪುಗಳಲ್ಲಿ ಕಟ್ಟಿದ ಜಾಗವನ್ನು ಕೈಯಿಂದಲೇ ಗುರುತಿಸಿದವನು ನಾನು. ಅಂದು ಮಾತ್ರ ನರ್ಸಿನ ಬೆರಳು ಎಲ್ಲಿ ನಿಲ್ಲುವುದೋ ಎಂದು ಅದನ್ನೇ ನೋಡುತ್ತ ನಿಂತಿದ್ದೆ. ಬೆರಳು ನಿಲ್ಲಲಿಲ್ಲ.

"ಹೊಟ್ಟಿತನಕ ಹೋತ್ರಿ. ಹಾಲ ಕುಡಸ್ರಿ."

ಹೆಂಡತಿ ಮಗಳನ್ನು ಎದೆಗೆ ಹಚ್ಚಿದಳು. ಗಂಟಲು ಅಲುಗುವುದನ್ನು ಬಗ್ಗಿ ನೋಡಿದೆ. ಒಂದು ಗುಟುಕು, ತುಸು ಬಿಟ್ಟು ಇನ್ನೊಂದು.

"ನನಗೂ ನೀರಡಿಕಿ ಆಗ್ಯಾದ. ಇವತ್ತ ಎಷ್ಟ ಲೋಟದ ಹುಕುಂ ಅದರಿ?" ಎಂದಳು.

ನಾನು ತಂಬಿಗೆಯನ್ನೇ ಅವಳ ಕೈಗೆ ಕೊಟ್ಟೆ.