ಗುಳ್ಳೆ ಮಾವನ ಜಡೆಯಪ್ಪ

ಪಂಕ್ಚರು ಹಾಕುವವನಿಗೆ ಆ ಬೀದಿಯವರು ತಮಾಷೆಗೆಂದು ಇಟ್ಟ ಹೆಸರು ಗುಳ್ಳೆ ಮಾವ. ಇಟ್ಟವರು ಮರೆತರು, ಹೆಸರು ಮೈಗೆ ಅಂಟಿತು. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಕತ್ತು ಓರೆ ಮಾಡಿ ಕೂತನೆಂದರೆ ಸಾಸಿವೆಯಷ್ಟು ಗುಳ್ಳೆಯೂ ಅವನ ಕಣ್ಣು ತಪ್ಪಿಸಿ ಮೇಲೇಳುತ್ತಿರಲಿಲ್ಲ. ಗುಳ್ಳೆ ಎದ್ದ ಕಡೆ ತೂತು, ತೂತಿದ್ದ ಕಡೆ ತೇಪೆ. ಮೀಸೆ ಮೂಡಿದಾಗಿನಿಂದ ಅದು ನರೆಯುವ ತನಕ ಅವನು ಕಲಿತ ವಿದ್ಯೆ ಇಷ್ಟೇ. ಅದು ಅವನ ಕೈಬಿಟ್ಟಿದ್ದೂ ಇಲ್ಲ.

ಅಂಗಡಿಯ ಹಿಂದಿನ ಎರಡು ಕೋಣೆಯೇ ಮನೆ. ಅಲ್ಲಿ ಅವನ ಜೊತೆ ತಂಗಿ ಇದ್ದಳು, ಹಾಸಿಗೆ ಅಂಗಡಿಯಲ್ಲಿ ಹತ್ತಿ ತುಂಬಿ ಹೊಲಿಯುವ ಕೆಲಸದವಳು. ಇಬ್ಬರಿಗೂ ಮದುವೆ ಕೂಡಿಬರಲಿಲ್ಲ. ಅದಕ್ಕೆ ಕೊರಗಲು ಪುರುಸೊತ್ತೂ ಇರಲಿಲ್ಲ. ಬೆಳಗಿನ ಜಗಳ ಮುಗಿಯುವಷ್ಟರಲ್ಲಿ ಸಂಜೆಯದು ಶುರುವಾಗುತ್ತಿತ್ತು. ಹತ್ತಿಯ ಧೂಳು ಎದೆಗಿಳಿದು ಅವಳು ಕೆಲಸ ಬಿಟ್ಟ ಮೇಲೆ, ಹೊತ್ತು ಹೋಗಲೆಂದು ಸಾಕುಮೀನಿನಂಗಡಿಯಿಂದ ಒಂದು ಜೀವ ತಂದಳು. ಆಕ್ಸೊಲಾಟ್ಲ್ ಅಂತೆ. ಹಲ್ಲಿಯ ಹಾಗೆ ನಾಲ್ಕು ಕಾಲು, ವಾಸ ಮಾತ್ರ ಸದಾ ನೀರಿನಲ್ಲಿ. ತೆಳು ಗುಲಾಬಿ ಮೈ, ರೆಪ್ಪೆಯಿಲ್ಲದ ಕಣ್ಣು, ನಗುತ್ತಿರುವಂಥ ಬಾಯಿ. ತಲೆಯ ಆಚೆ ಮೂರು, ಈಚೆ ಮೂರು ಕೆಂಪು ಗರಿಯ ಜಡೆ. ಆ ಜಡೆಗಳೇ ಅದರ ಕಿವಿರು.

"ಇದ್ಯಾವ ಸೀಮೆ ಪ್ರಾಣೀನೇ? ಜಡೆ ನೋಡಿದ್ರೆ ನಿನಗಿಂತ ಸೊಂಪಾಗಿದೆ!" ಎಂದು ಅವನು ರೇಗಿಸಿದ್ದ.

"ನಿನಗಿಂತ ವಾಸಿ ಕಣೋ. ನಗ್ತಾ ಇರತ್ತೆ, ಎದುರು ಮಾತಾಡಲ್ಲ. ಹೆಸರು ಜಡೆಯಪ್ಪ."

ಈಗ ಅವಳಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೊನೆಕೊನೆಗೆ ಅವಳು ಗಲ್ಲ ಮೇಲೆತ್ತಿ, ಬಾಯಿ ತೆರೆದು, ಗಾಳಿಯನ್ನು ಕಚ್ಚಿ ಕಚ್ಚಿ ನುಂಗುತ್ತಿದ್ದಳು. ಪಕ್ಕದಲ್ಲಿ ಕೂತ ಅಣ್ಣನಿಗೆ ತೂತು ಎಲ್ಲಿದೆಯೆಂದು ಕಾಣುತ್ತಿತ್ತು. ತೇಪೆ ಹಾಕುವ ಬಗೆ ತಿಳಿಯಲಿಲ್ಲ.

ಜಡೆಯಪ್ಪನ ಗಾಜಿನ ತೊಟ್ಟಿಯ ಕಡೆ ಹಿಂದೆ ಅವನು ತಿರುಗಿಯೂ ನೋಡಿದವನಲ್ಲ. ಈಗ ಹುಳು ಹಾಕುವುದು ಅವನ ಪಾಲಿಗೆ ಬಂದಿತ್ತು. ಒಂದು ಮಧ್ಯಾಹ್ನ ಊಟದ ತಟ್ಟೆ ಹಿಡಿದು ತೊಟ್ಟಿಯ ಎದುರು ಕೂತಿದ್ದಾಗ ಜಡೆಯಪ್ಪ ತಳ ಬಿಟ್ಟು ಮೇಲಕ್ಕೆದ್ದ. ಗಲ್ಲ ಎತ್ತಿದ. ಗಬಕ್ಕೆಂದು ಗಾಳಿ ನುಂಗಿ ಕೆಳಗಿಳಿದ. ಬಾಯಿಯ ಪಕ್ಕದಿಂದ ಒಂದು ಗುಳ್ಳೆ ಹೊರಟು ಮೇಲೆ ಬಂದು ಒಡೆಯಿತು.

ಮಾವ ಕೈಯ ತುತ್ತನ್ನು ತಟ್ಟೆಗೆ ಹಾಕಿದ. ಆ ಗಲ್ಲ ಎತ್ತಿದ ರೀತಿ ಅವನು ಕಂಡಿದ್ದೇ. ತಟ್ಟೆಯ ಊಟ ಒಣಗುವ ತನಕ ಕಣ್ಣಲ್ಲಿ ಕಣ್ಣಿಟ್ಟು ಕಾದ. ಮತ್ತೆ ಎದ್ದಿತು, ಮತ್ತೆ ನುಂಗಿತು, ಮತ್ತೆ ಗುಳ್ಳೆ. ಸಂಶಯವೇ ಉಳಿಯಲಿಲ್ಲ: ಸೋರುತ್ತಿದೆ. ಮನೆಯಲ್ಲಿ ಉಳಿದ ಇನ್ನೊಂದು ಉಸಿರೂ ಸೋರುತ್ತಿದೆ.

ತಂಗಿ ಹಾಕಿದ್ದ ನೀರು ಸೋಸುವ ಸ್ಪಂಜಿನ ಯಂತ್ರ ಮುದುಕಿ ಗೊಣಗಿದ ಹಾಗೆ ಸಣ್ಣಗೆ ಗುಳ್ಳೆ ಬಿಡುತ್ತಿತ್ತು. ಇದರಿಂದ ಏನಾದೀತೆಂದು ಕಿತ್ತಿಟ್ಟ. ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನಿಂದ ಕಿಟಕಿಯ ಮೂಲಕ ಕೊಳವೆ ಎಳೆದು, ತೊಟ್ಟಿಗಿಳಿಸಿ, ತಿರುಪು ಬಿಚ್ಚಿದ. ನೀರು ಕುದಿಯುವ ಎಸರಿನಂತೆ ಎದ್ದಿತು. ಜಡೆಯಪ್ಪ ಮೂಲೆ ಹಿಡಿದ. ಬಾಲದ ತುದಿ ಮುರುಟಿತು. ಜಡೆಗಳು ಬಿರುಗಾಳಿಗೆ ಸಿಕ್ಕ ಛತ್ರಿಯ ಹಾಗೆ ಮುಂದಕ್ಕೆ ಬಾಗಿದವು. ಮರುದಿನ ಬೆಳಿಗ್ಗೆ ಹುಳು ಮೂತಿಗೆ ತಗುಲಿದರೂ ಬಾಯಿ ತೆರೆಯಲಿಲ್ಲ. ಗಾಳಿ ಸಾಲದು ಎಂದುಕೊಂಡ ಮಾವ ತಿರುಪನ್ನು ಇನ್ನೊಂದು ಸುತ್ತು ಬಿಚ್ಚಿ, ಅಂಗಡಿಯ ಬಾಗಿಲೆಳೆದು, ಮೀನಿನಂಗಡಿಗೆ ಓಡಿದ.

"ಬನ್ನಿ ಮಾವ! ಊರಿನ ಟೈರೆಲ್ಲ ರಜ ಹಾಕಿದ್ವಾ ಇವತ್ತು?" ಅಂದಳು ಮೀನಿನಂಗಡಿಯವಳು.

"ತಮಾಷೆ ಆಮೇಲೆ ತಾಯಿ. ಜಡೆಯಪ್ಪನ ಉಸಿರು ಸೋರ್ತಿದೆ. ಮೇಲೆ ಬಂದು ಗಾಳಿ ನುಂಗ್ತಾನೆ, ಕೆಳಗೆ ಹೋಗಿ ಗುಳ್ಳೆ ಬಿಡ್ತಾನೆ."

"ಪದೇ ಪದೇ ಓಡಿ ಬರ್ತಾನಾ? ಮೇಲೇ ತೇಲ್ತಾನಾ?"

"ಇಲ್ಲ. ಆಗೊಂದು, ಈಗೊಂದು."

ಅವಳಿಗೆ ನಗು ತಡೆಯಲಿಲ್ಲ. "ಅದು ಕಾಯಿಲೆ ಅಲ್ಲ ಮಾವ, ಅದರ ರೀತಿನೇ ಹಾಗೆ! ಜಡೇಲೂ ಉಸಿರಾಡತ್ತೆ, ಚರ್ಮದಲ್ಲೂ ಆಡತ್ತೆ, ಒಳಗೆ ಪುಟ್ಟ ಶ್ವಾಸಕೋಶನೂ ಇದೆ. ನೀವು ಗಿರಾಕಿ ಇಲ್ದಾಗ ಬಾಗಿಲಿಗೆ ಬಂದು ಬೀದಿ ನೋಡಿ ಒಳಗೆ ಹೋಗಲ್ವಾ? ಅಷ್ಟೇ. ಮೇಲಿಂದ ಮೇಲೆ ಓಡಿ ಬಂದ್ರೆ ಆಗ ನೀರು ಬಿಸಿಯಾಯ್ತಾ, ಕೊಳಕಾಯ್ತಾ ಅಂತ ನೋಡ್ಬೇಕು."

ಮಾವ ಮೆಲ್ಲಗೆ ಅಂದ: "ಕಂಪ್ರೆಸರ್ ಹಾಕಿದೀನಿ."

"ಏನಂದ್ರಿ?"

"ಟೈರಿಂದು."

ಅವಳ ನಗು ಅಲ್ಲೇ ಇಂಗಿತು. "ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಲಾರಿಗೆ ಬಿಡೋ ಗಾಳೀನ ಆ ಬಡಪಾಯಿ ಮುಖಕ್ಕೆ ಬಿಟ್ರಾ? ಅದರಲ್ಲಿ ಎಣ್ಣೆ ಬೇರೆ ಇರತ್ತೆ. ಜಡೆ ಮುಂದಕ್ಕೆ ಬಾಗಿದೆಯಾ?"

"ಬಾಗಿದೆ."

"ನೀರಿನ ಹೊಡೆತ ತಡೀಲಾರದೆ ಬಾಗಿದೆ. ಓಡಿ! ಬೇರೆ ತಣ್ಣಗಿನ ನೀರಿಗೆ ಬಿಡಿ. ನಲ್ಲಿ ನೀರಾದ್ರೆ ಮೊದಲು ಕ್ಲೋರಿನ್ ತೆಗೆಯೋ ಈ ಔಷಧಿ ತೊಟ್ಟು ಹಾಕಿ. ತೊಟ್ಟಿ ತೊಳ್ದು ಹಳೇ ಸ್ಪಂಜೇ ಹಾಕಿ. ಆಮೇಲೆ ಸುಮ್ನಿರಿ. ಸುಮ್ನಿರಕ್ಕೆ ಬರತ್ತಾ ನಿಮಗೆ?"

ಮಾವ ಔಷಧಿಯ ಸೀಸೆ ಹಿಡಿದು ಮನೆಗೆ ಓಡಿದ. ತಂಗಿ ಹೋದ ಮೇಲೆ ಅವನು ಸುಮ್ಮನಿದ್ದದ್ದು ಬಿಟ್ಟರೆ ಬೇರೆ ಮಾಡಿದ್ದೇ ಇಲ್ಲ.

ಕಂಪ್ರೆಸರ್ ಆರಿಸಿದ. ಸದ್ದು ನಿಂತ ಕೂಡಲೆ ಮನೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ತೊಟ್ಟಿ ತೊಳೆಯುವಾಗಿನ ಬಳಕೆಗೆಂದು ತಂಗಿ ಇಟ್ಟಿದ್ದ ಬಿಳಿ ಟಬ್ಬಿಗೆ ಔಷಧಿ ಬೆರೆಸಿದ ತಣ್ಣೀರು ತುಂಬಿ, ಜಡೆಯಪ್ಪನನ್ನು ಇಳಿಸಿ ಎದುರು ಕುಕ್ಕರಿಸಿದ. ಅದು ತಳದಲ್ಲಿ ಬಿದ್ದಲ್ಲೇ ಬಿದ್ದಿತ್ತು. ಜಡೆ ಅಲುಗದು, ಮೈ ಅಲುಗದು. ಬೆರಳಿಂದ ತಟ್ಟಿ ನೋಡಲೇ ಎಂದು ಕೈ ನೀರಿನ ತನಕ ಹೋಯಿತು. ಸುಮ್ನಿರಿ ಅಂದದ್ದು ನೆನಪಾಗಿ ಹಿಂದಕ್ಕೆಳೆದುಕೊಂಡ. ತನ್ನ ಉಸಿರು ತನಗೇ ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಒಂದು ಜಡೆ, ನೊಣ ಓಡಿಸಿದ ಹಾಗೆ, ಚಿಟಕ್ಕನೆ ಹಿಂದಕ್ಕೆ ಹೊಡೆದುಕೊಂಡಿತು. ಅವನ ಕಣ್ಣು ಮಂಜಾಯಿತು.

ದಿನ ಕಳೆದಂತೆ ಜಡೆಗಳು ಹಿಂದಕ್ಕೆ ಸರಿದು ನೆಟ್ಟಗೆ ನಿಂತವು. ತೊಟ್ಟಿಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಜಡೆಯಪ್ಪ ಹುಳು ಕಸಿದು ನುಂಗಿದ. ಸ್ವಲ್ಪ ಹೊತ್ತಿಗೆ ಮೇಲಕ್ಕೆದ್ದು, ಗಲ್ಲ ಎತ್ತಿ ಗಾಳಿ ಕುಡಿದು ಇಳಿದ. ಗುಳ್ಳೆ ಎದ್ದಿತು. ಮಾವ ಅಭ್ಯಾಸಬಲದಿಂದ ಕತ್ತು ಓರೆ ಮಾಡಿದ. ತಂಗಿ ಗಲ್ಲ ಎತ್ತಿದ್ದೂ ಹೀಗೇ ಆಗಿದ್ದರೆ, ಬೀದಿ ನೋಡಿ ಒಳಗೆ ಬರುವಷ್ಟು ಸಲೀಸಾಗಿದ್ದರೆ, ಅನ್ನಿಸಿತು. ಗುಳ್ಳೆ ಒಡೆಯಿತು.

"ಗುಳ್ಳೆ ಮಾವಾ, ಗಾಳಿ!" ಹೊರಗೆ ಯಾರೋ ಕೂಗಿದರು.

"ಬೀದಿ ನೋಡ್ಕೊಂಡು ಬರ್ತೀನಿ ಕಣೋ," ಎಂದು ತೊಟ್ಟಿಗೆ ಹೇಳಿ ಎದ್ದ. ತಂಗಿ ಹೋದ ಮೇಲೆ ಆ ಕೋಣೆಯಲ್ಲಿ ಅವನು ಆಡಿದ ಮೊದಲ ಮಾತು ಅದು. ಹೊಸಿಲ ಬಳಿ ಒಂದು ಗಳಿಗೆ ನಿಂತ. "ಹೋಗು, ಯಾರು ಹಿಡ್ಕೊಂಡಿದಾರೆ" ಎಂದು ತಂಗಿಯ ಹಾಗೆ ರೇಗುವವರು ಒಳಗೆ ಯಾರೂ ಇರಲಿಲ್ಲ.